ಕಡೆಯವನ ಸಾಕ್ಷಿ

ಮನುಷ್ಯನ ಶೀಲವು ಹತ್ತು ಜನರ ನಡುವೆ ಪರೀಕ್ಷೆಗೆ ಒಳಗಾಗುವುದಕ್ಕಿಂತ ಹೆಚ್ಚಾಗಿ ಏಕಾಂತದಲ್ಲಿ ಒಳಗಾಗುತ್ತದೆಂಬುದು ಎಲ್ಲರೂ ಒಪ್ಪುವ ಮಾತು. ಒಪ್ಪುವುದು ಸುಲಭ, ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಸುಲಭವಲ್ಲ. ಈ ಲೇಖಕನು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಈ ಮಾತನ್ನೇ ಬೋಧಿಸುತ್ತ ಬಂದವನು. ಆದರೆ ಅದರ ಅರ್ಥವು ಅವನಿಗೆ ಮನದಟ್ಟಾದದ್ದು ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಓಡಲು ಕಲಿಯಹೊರಟ ಮೇಲೆ. ಓಟಕ್ಕೂ ನೀತಿವಿಚಾರಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವುಂಟೆಂಬುದನ್ನು ಅನುಭವದಿಂದ ನಿವೇದಿಸುವುದೇ ಈ ಲೇಖನದ ಉದ್ದೇಶ.

2023ರ ಜೂನ್ ತಿಂಗಳಲ್ಲಿ, ರಕ್ತದಲ್ಲಿ ಸಕ್ಕರೆಯ ಅಂಶವು ಏರುತ್ತಿದೆಯೆಂದು ವೈದ್ಯರು ಎಚ್ಚರಿಸಿದ ಕಾರಣ, ನಸುಕಿನಲ್ಲಿ ಶಾಲೆಯ ಬಯಲಿಗೆ ಹೋಗಿ ಓಡತೊಡಗಿದೆನು. ಇನ್ನೂರು ಮೀಟರಿನ ಒಂದು ಸುತ್ತನ್ನೂ ಮೊದಲ ದಿನ ಮುಗಿಸಲಾಗಲಿಲ್ಲ. ಬಲ್ಲವರು ಹೇಳಿಕೊಟ್ಟ ಕ್ರಮವು ಸರಳವಾದುದು: ಒಂದು ನಿಮಿಷ ಓಡುವುದು, ಎರಡು ನಿಮಿಷ ನಡೆಯುವುದು, ವಾರ ವಾರಕ್ಕೂ ಓಟವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವುದು, ಓಡುತ್ತಿರುವಾಗ ಪಕ್ಕದವನೊಡನೆ ಮಾತನಾಡಲಾಗದಷ್ಟು ಏದುಸಿರು ಬಂದರೆ ವೇಗವು ಅತಿಯಾಯಿತೆಂದು ತಿಳಿಯುವುದು.

ಈ ನಿಧಾನಕ್ಕೆ ಶಾರೀರಕವಾದ ಕಾರಣವುಂಟು. ಹೃದಯವೂ ಶ್ವಾಸವೂ ಹೊಸ ಶ್ರಮಕ್ಕೆ ಕೆಲವು ವಾರಗಳಲ್ಲಿಯೇ ಹೊಂದಿಕೊಳ್ಳುತ್ತವೆ. ಎಲುಬುಗಳಾದರೋ, ಮಾಂಸಖಂಡಗಳನ್ನು ಎಲುಬಿಗೆ ಬಿಗಿದಿರುವ ಕಟ್ಟುಗಳಾದರೋ, ಗಟ್ಟಿಗೊಳ್ಳಲು ತಿಂಗಳುಗಳನ್ನೇ ಬೇಡುತ್ತವೆ. ಆದಕಾರಣ, ಇನ್ನು ಓಡಬಲ್ಲೆನೆಂದು ಉಸಿರು ಹೇಳುವ ಕಾಲಕ್ಕೆ ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ಹೊಸಬರು ಕೆಡುವುದು ಈ ಎಡೆಯಲ್ಲಿಯೇ. ನಾನೂ ಕೆಟ್ಟೆನು. ಸೆಪ್ಟೆಂಬರಿನಲ್ಲಿ ಹತ್ತನೆಯ ತರಗತಿಯ ಹುಡುಗರು ಕ್ರೀಡಾಕೂಟಕ್ಕಾಗಿ ಬಯಲಿಗೆ ಬರತೊಡಗಿದರು. ಅವರ ಕಣ್ಣೆದುರಿನಲ್ಲಿ ಗುರುವಾದವನು ನಡೆಯುವುದೆ? ನಡಿಗೆಯನ್ನು ಬಿಟ್ಟು ಓಡಿದೆನು. ಐದನೆಯ ದಿನಕ್ಕೆ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬು ನೋಯಲಾರಂಭಿಸಿತು. ಮೂರು ವಾರ ಓಟವೇ ನಿಂತುಹೋಯಿತು. ಈ ನೋವಿನ ಮೂಲವು ಕಾಲಿನಲ್ಲಿರಲಿಲ್ಲವೆಂಬುದನ್ನು ಆಗ ನಾನು ಅರಿಯಲಿಲ್ಲ.

2024ರ ಜನವರಿಯಲ್ಲಿ ಸಮೀಪದ ಪಟ್ಟಣವೊಂದರಲ್ಲಿ ಹತ್ತು ಕಿಲೋಮೀಟರಿನ ಸಾರ್ವಜನಿಕ ಓಟವು ಏರ್ಪಟ್ಟಿತು. ಐದು ಕಿಲೋಮೀಟರು ಹೋಗಿ, ಅಲ್ಲಿ ನೆಟ್ಟ ಧ್ವಜವನ್ನು ಸುತ್ತಿ, ಅದೇ ದಾರಿಯಲ್ಲಿ ಮರಳಿ ಬರತಕ್ಕದ್ದು. ಮೊದಲ ಅರ್ಧ ಗಂಟೆಯಲ್ಲಿಯೇ ಎಲ್ಲರೂ ನನ್ನನ್ನು ಹಿಂದೆ ಹಾಕಿದರು. ಹಾಗೆಯೇ ತಿರುಗಿ ಎದುರಿಗೆ ಬಂದರು. ನಾನು ತಿರುವನ್ನು ಸಮೀಪಿಸಿದಾಗ ಅಲ್ಲಿದ್ದ ಸ್ವಯಂಸೇವಕರು ಹೊರಟುಹೋಗಿದ್ದರು. ಧ್ವಜವು ಇನ್ನೂ ಸುಮಾರು ಇನ್ನೂರು ಮೀಟರು ದೂರದಲ್ಲಿ ಕಾಣುತ್ತಿತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ನಾನು ಅಲ್ಲಿಂದಲೇ ತಿರುಗಿಬಿಟ್ಟೆನು.

ಒಂದು ಗಂಟೆ ಮೂವತ್ತೆಂಟು ನಿಮಿಷಗಳಿಗೆ ಗುರಿ ಸೇರಿದಾಗ ಕೊರಳಿಗೆ ಪದಕವನ್ನು ಹಾಕಿದರು. ಮರುದಿನ ಪ್ರಾರ್ಥನೆಯ ವೇಳೆಯಲ್ಲಿ ಮುಖ್ಯೋಪಾಧ್ಯಾಯರು ವಿಷಯವನ್ನು ಸಾರಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಸದ್ದನ್ನು ನಾನು ನಾಲ್ಕು ದಿನ ತಡೆದುಕೊಂಡೆನು. ಐದನೆಯ ದಿನ ಅದೇ ಸ್ಥಳದಲ್ಲಿ ನಿಂತು ನಡೆದುದನ್ನು ಮಕ್ಕಳಿಗೆ ಹೇಳಿದೆನು. ಪದಕವನ್ನು ಪತ್ರದೊಡನೆ ಓಟದ ವ್ಯವಸ್ಥಾಪಕರಿಗೆ ಅಂಚೆಯಲ್ಲಿ ಕಳುಹಿಸಿದೆನು. ಉತ್ತರವು ಬರಲಿಲ್ಲ. ಆದರೆ ತರಗತಿಯಲ್ಲಿ ಒಬ್ಬ ಹುಡುಗನು ಎದ್ದು ಕೇಳಿದನು: “ಗುರುಗಳೆ, ತಾವು ಯಾರ ಬಹುಮಾನವನ್ನೂ ಕಸಿದುಕೊಂಡಿರಲಿಲ್ಲ. ಯಾರೂ ನೋಡಿಯೂ ಇರಲಿಲ್ಲ. ಹಾಗಿದ್ದ ಮೇಲೆ ತಪ್ಪೇನು?”

ಇದು ಬಾಲಿಶವಾದ ಪ್ರಶ್ನೆಯಲ್ಲ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಒಲಿಂಪಿಕ್ ಕೂಟದ ಮ್ಯಾರಥಾನ್ ಓಟದಲ್ಲಿ ಫ್ರೆಡ್ ಲಾರ್ಜ್ ಎಂಬಾತನು ದಣಿದು, ಸುಮಾರು ಹನ್ನೊಂದು ಮೈಲಿಗಳನ್ನು ಮೋಟಾರಿನಲ್ಲಿ ಕ್ರಮಿಸಿ, ಉಳಿದುದನ್ನು ಓಡಿ, ಎಲ್ಲರಿಗಿಂತ ಮೊದಲು ಕ್ರೀಡಾಂಗಣವನ್ನು ಹೊಕ್ಕನು. ಮೋಸವು ಬಯಲಾಗಿ ಅವನನ್ನು ಹೊರಗಿಟ್ಟರು. ಅವನ ತಪ್ಪು ಸ್ಪಷ್ಟವಾಗಿದೆ: ಮತ್ತೊಬ್ಬನಿಗೆ ಸಲ್ಲತಕ್ಕ ಗೌರವವನ್ನು ಅವನು ಅಪಹರಿಸಲಿದ್ದನು. ಕಳ್ಳನಿಗೆ ಕದ್ದ ಒಡವೆಯಾದರೂ ದೊರೆಯುತ್ತದೆ. ಕಡೆಯವನಾಗಿ ಓಡುತ್ತಿದ್ದ ನನಗೆ ದೊರೆತದ್ದೇನು? ಅಲ್ಲಿ ಕದಿಯಲು ಏನೂ ಇರಲಿಲ್ಲ. ನಾನು ಬಯಸಿ ಹೋದದ್ದು ಹತ್ತು ಕಿಲೋಮೀಟರನ್ನು ಓಡುವುದು, ಬಿಟ್ಟುಬಂದದ್ದು ಅದನ್ನೇ. ಊಟಕ್ಕೆ ಕುಳಿತವನು ತನ್ನ ಎಲೆಯ ಅನ್ನವನ್ನು ತಾನೇ ಕದ್ದು ಹೊರಗೆ ಎಸೆದಂತಾಯಿತು.

ಹಾಗಾದರೆ ಏಕೆ ಎಸೆದೆನು? ದಣಿವಿನಿಂದಲ್ಲ; ಇನ್ನೂರು ಮೀಟರು ಹೋಗಿ ಬರುವಷ್ಟು ಬಲವಿತ್ತು. ಗುರಿಯ ಬಳಿ ಕಾದಿರುವವರು ಇಷ್ಟು ತಡವೇ ಎಂದಾರೆಂಬ ನಾಚಿಕೆಯಿಂದ. ಹುಡುಗರೆದುರು ನಡೆಯಲೊಲ್ಲದೆ ಕಾಲನ್ನು ಕೆಡಿಸಿಕೊಂಡದ್ದೂ ಇದೇ ನಾಚಿಕೆಯಿಂದಲ್ಲವೆ? ನಾಚಿಕೆಯನ್ನು ನಾವು ವಿನಯದ ಬಳಗಕ್ಕೆ ಸೇರಿಸುತ್ತೇವೆ. ಎಲ್ಲ ನಾಚಿಕೆಯೂ ಹಾಗಲ್ಲ. ಮಾಡಿದ ತಪ್ಪಿಗೆ ನಾಚುವುದು ಧರ್ಮ. ಇರುವ ಅಲ್ಪತೆಗೆ ನಾಚುವುದು ಅಹಂಕಾರದ ಇನ್ನೊಂದು ಮುಖ. ತಾನು ಇರುವುದಕ್ಕಿಂತ ದೊಡ್ಡವನಾಗಿ ಕಾಣಿಸಬೇಕೆಂಬ ಆಸೆಯೇ ಅದರ ಬೇರು. ಮುಂದಿರುವವನ ಅಹಂಕಾರವು ಎಲ್ಲರಿಗೂ ಕಾಣುತ್ತದೆ. ಹಿಂದಿರುವವನ ಅಹಂಕಾರವು ದೈನ್ಯದ ಹೊದಿಕೆಯಲ್ಲಿ ಅಡಗಿರುವುದರಿಂದ ಅವನಿಗೇ ಕಾಣದು. ಕಾಯಕವನ್ನು ತೂಗುವಾಗ ಶರಣರು ಅದು ಹಿರಿದೋ ಕಿರಿದೋ ಎಂದು ನೋಡದೆ ಸತ್ಯಶುದ್ಧವೋ ಅಲ್ಲವೋ ಎಂದು ನೋಡಿದುದರ ಮರ್ಮವು ಇದೇ ಆಗಿರಬೇಕು.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಓಟದ ಚರಿತ್ರೆಯಲ್ಲಿಯೇ ಇದೆ. 1968ರ ಮೆಕ್ಸಿಕೊ ಒಲಿಂಪಿಕ್ ಮ್ಯಾರಥಾನಿನಲ್ಲಿ ಟಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿಯು ದಾರಿಯಲ್ಲಿ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡನು. ಇಥಿಯೋಪಿಯಾದ ಮಾಮೊ ವೋಲ್ಡೆಯು ಗೆದ್ದು ಒಂದು ಗಂಟೆಗೂ ಮೀರಿದ ಮೇಲೆ, ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತ ಬಂದು ಅವನು ಓಟವನ್ನು ಮುಗಿಸಿದನು. ಮುಗಿಸಿದ 57 ಮಂದಿಯಲ್ಲಿ ಅವನೇ ಕಡೆಯವನು. ಅವನು ಕುಂಟುವುದನ್ನು ಮರೆಮಾಡಲಿಲ್ಲ; ದೂರವನ್ನು ಕಡಮೆ ಮಾಡಲಿಲ್ಲ. ಲಾರ್ಜನ ಕಥೆಯೂ ಮೋಸದಲ್ಲಿಯೇ ಮುಗಿಯಲಿಲ್ಲವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಮರುವರ್ಷ, 1905ರಲ್ಲಿ, ಅವನು ಬಾಸ್ಟನ್ ನಗರದ ಮ್ಯಾರಥಾನನ್ನು ತನ್ನ ಕಾಲುಗಳಿಂದಲೇ ಓಡಿ ಗೆದ್ದನು. ತಪ್ಪಿದವನಿಗೆ ದಾರಿ ಮುಚ್ಚಿಲ್ಲ. ಆದರೆ ಬಿಟ್ಟ ದೂರವನ್ನು ಕಾಲಿನಿಂದಲೇ ತುಂಬಬೇಕು, ಮಾತಿನಿಂದಲ್ಲ.

2024ರ ಜೂನ್ ತಿಂಗಳಲ್ಲಿ, ಓಡತೊಡಗಿ ವರ್ಷ ತುಂಬಿದಾಗ, ಬೇರೊಂದು ಊರಿನಲ್ಲಿ ಮತ್ತೆ ಹತ್ತು ಕಿಲೋಮೀಟರು ಓಡಿದೆನು. ಏರುದಾರಿಯಲ್ಲಿ ಜನರೆದುರಿಗೇ ನಡೆದೆನು. ತಿರುವಿನಲ್ಲಿ ಆ ದಿನವೂ ಯಾರೂ ಇರಲಿಲ್ಲ. ನೆಟ್ಟಿದ್ದ ಕೋಲನ್ನು ಕೈಯಿಂದ ಮುಟ್ಟಿ ತಿರುಗಿದೆನು. ಒಂದು ಗಂಟೆ ನಲವತ್ತೊಂದು ನಿಮಿಷ ಹಿಡಿಯಿತು. ಲೆಕ್ಕದಲ್ಲಿ ಇದು ಹಿಂದಿನದಕ್ಕಿಂತ ಮೂರು ನಿಮಿಷ ಹೆಚ್ಚು. ಗುರಿಯ ಬಳಿ ಕಮಾನನ್ನು ಬಿಚ್ಚುತ್ತಿದ್ದರು. ಊರಿಗೆ ಮರಳಿದ ಮೇಲೆ ಆ ಹುಡುಗನು ಎಷ್ಟನೆಯವರಾಗಿ ಬಂದಿರೆಂದು ಕೇಳಿದನು. “ಕಡೆಯವನಾಗಿ ಬಂದೆ, ತಮ್ಮಾ,” ಎಂದೆನು. ಹಾಗೆ ಹೇಳುವಾಗ ನಾಲಗೆ ತಡವರಿಸಲಿಲ್ಲ.

ನಮ್ಮಲ್ಲಿ ಹೆಚ್ಚಿನವರು ವಿದ್ಯೆಯಲ್ಲಿ, ಸಂಪತ್ತಿನಲ್ಲಿ, ಸಾಧನೆಯಲ್ಲಿ ಮೊದಲಿಗರಲ್ಲ. ಮೊದಲಿಗರನ್ನು ಲೋಕವು ಕಾಯುತ್ತದೆ. ಅವರ ಸುತ್ತ ಸಾಕ್ಷಿಗಳಿರುತ್ತಾರೆ. ಹಿಂದೆ ಉಳಿದವರಿಗೆ ತಮ್ಮ ಅಂತಃಕರಣವೊಂದೇ ಸಾಕ್ಷಿ. ನಿಧಾನವಾಗಿ ಹೋಗುವುದು ಕುಂದಲ್ಲ. ಯಾರೂ ಇಲ್ಲದ ತಿರುವಿನವರೆಗೆ ಹೋಗಿ ಬರುವುದೇ ಅಂಥವರ ಧರ್ಮ.