ಹೊಂಡದ ಹೂಳು ಮತ್ತು ಮಾಡದ ಕೆಲಸದ ಲೆಕ್ಕ



ಜೀರ್ಣೋದ್ಧಾರದ ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಹಿರಿಯರು ಅಪ್ಪಣೆ ಕೊಟ್ಟಾಗ ನನಗೆ ಸಂಕೋಚವೇ ಆಯಿತು. ನಾನು ಶಾಸ್ತ್ರಜ್ಞನಲ್ಲ. ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿ, ಊರ ಲೆಕ್ಕ ಬರೆಯುತ್ತ ತಲೆ ನರೆತವನು. ಜಮೆ, ಖರ್ಚು, ಬಾಕಿ ಎಂಬ ಮೂರು ಮಾತುಗಳೇ ನನ್ನ ವಿದ್ಯೆ. ಆದರೂ ಈ ಮೂರು ಮಾತುಗಳಿಂದ ಬಿಡಿಸಲಾಗದ ಒಂದು ಪ್ರಶ್ನೆ ಹಲವು ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ಅದನ್ನೇ ತಮ್ಮ ಮುಂದೆ ಇಡುತ್ತೇನೆ.

ಮಾಡಿದ ತಪ್ಪಿಗೆ ಮನುಷ್ಯನು ಹೊಣೆಗಾರನೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮಾಡದೆ ಬಿಟ್ಟ ಕೆಲಸಕ್ಕೂ ಅವನು ಹೊಣೆಗಾರನೇ?

ನಮ್ಮ ಮನೆಯ ಹಿತ್ತಲಿನಲ್ಲಿ ಪೂರ್ವಿಕರು ಕಟ್ಟಿಸಿದ ಒಂದು ಚಿಕ್ಕ ಹೊಂಡವಿದೆ. ಕರಿಗಲ್ಲಿನ ಮೆಟ್ಟಿಲು, ಪಕ್ಕದಲ್ಲಿ ಒಂದು ಬೇವಿನ ಮರ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನೆಲವನ್ನು ತಾವೆಲ್ಲ ಬಲ್ಲಿರಿ. ಮೇಲೆ ಎರೆಮಣ್ಣು, ಕೆಳಗೆ ಕರಿಗಲ್ಲು. ಗಟ್ಟಿಯಾದ ಕಲ್ಲಿನ ಒಡಲಲ್ಲಿ ನೀರು ನಿಲ್ಲದು; ಅದರ ಬಿರುಕು ಸಂದುಗಳಲ್ಲಿ, ಮಾಗಿದ ಕಲ್ಲಿನ ಪದರಗಳಲ್ಲಿ ಮಾತ್ರ ಅದು ಅಡಗಿರುತ್ತದೆ. ಆ ಸಂದುಗಳೇ ನಮ್ಮ ಸೆಲೆಗಳು. ಹೂಳು ಅವುಗಳ ಬಾಯನ್ನು ಮುಚ್ಚಿತೆಂದರೆ, ನೆಲದೊಳಗೆ ನೀರಿದ್ದೂ ಹೊಂಡಕ್ಕೆ ಇಲ್ಲದಂತಾಗುತ್ತದೆ.

ನನ್ನ ತಂದೆಯವರು ಪ್ರತಿವರ್ಷ ಹೋಳಿಹುಣ್ಣಿಮೆಯಿಂದ ಯುಗಾದಿಯವರೆಗಿನ ಹದಿನೈದು ದಿನಗಳನ್ನು ಈ ಹೊಂಡಕ್ಕೆಂದೇ ಮೀಸಲಿಡುತ್ತಿದ್ದರು. "ಎಲೆ ಉದುರೂದು ಮುಗಿದಿರಬೇಕು, ಬಿಸಿಲು ಬಲಿತಿರಬಾರದು" ಎಂಬುದು ಅವರ ನಿಯಮ. ಅದರ ಕಾರಣ ನನಗೆ ಬಹುಕಾಲದ ಮೇಲೆ ತಿಳಿಯಿತು. ಶಿಶಿರದಲ್ಲಿ ಬಿದ್ದ ಎಲೆಗಳು ನೀರಿನ ತಳ ಸೇರಿ ಕೊಳೆಯತೊಡಗುತ್ತವೆ. ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ಬಳಸಿಕೊಳ್ಳುತ್ತವೆ. ಬಿಸಿಲೇರಿದಷ್ಟೂ ಕೊಳೆಯುವಿಕೆ ಹೆಚ್ಚುತ್ತದೆ. ಬೆಚ್ಚಗಾದ ನೀರು ಹಿಡಿದಿಡಬಲ್ಲ ಪ್ರಾಣವಾಯುವೋ ಕಡಿಮೆಯಾಗುತ್ತದೆ. ಆಗ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯ್ಬಿಡುತ್ತವೆ, ತಳದ ಕೆಸರು ಕಪ್ಪಾಗಿ ನಾರುತ್ತದೆ. ಆದುದರಿಂದ ಎಲೆ ಬಿದ್ದು ಮುಗಿದ ಮೇಲೆ, ಕೊಳೆ ಬಲಿಯುವ ಮೊದಲು, ಅದನ್ನು ಎತ್ತಿಬಿಡಬೇಕು.

ಅವರ ಪದ್ಧತಿಯಲ್ಲಿ ಅವಸರವಿರಲಿಲ್ಲ. ಮೊದಲು ಬಿದಿರಿನ ಜಲ್ಲೆಗೆ ಬುಟ್ಟಿ ಕಟ್ಟಿ ಎಲೆಗಳನ್ನು ತೆಗೆಯುವರು. ನೀರನ್ನು ಪೂರ್ತಿ ಬರಿದು ಮಾಡಗೊಡುತ್ತಿರಲಿಲ್ಲ. ಮೀನುಗಳನ್ನು ಆ ಹೊಂಡದ ನೀರನ್ನೇ ತುಂಬಿದ ಹಂಡೆಗಳಲ್ಲಿ ನೆರಳಿಗಿಡುವರು. ತೆಗೆದ ಕೆಸರನ್ನು ಒಂದು ರಾತ್ರಿ ದಡದ ಮೇಲೆಯೇ ಬಿಡುವರು. ಅದರೊಳಗಿನ ಕಪ್ಪೆ, ಶಂಬುಕಗಳು ತಮ್ಮ ಮನೆಗೆ ಮರಳಲೆಂದು. ಮರುದಿನ ಅದು ಹೊಲಕ್ಕೆ ಗೊಬ್ಬರವಾಗಿ ಹೋಗುವುದು. ಮೆಟ್ಟಿಲ ಸಂದಿಯಲ್ಲಿ ಅರಳಿಯ ಸಸಿ ಹುಟ್ಟಿದ್ದರೆ ಕೈಮುಗಿದು ಕಿತ್ತು, ಊರಾಚೆ ನೆಟ್ಟು ಬರುವರು. ಅರಳಿ ಪೂಜ್ಯವಾದರೂ ಅದರ ಬೇರು ಕಲ್ಲನ್ನು ಸೀಳುತ್ತದೆಂಬುದನ್ನು ಅವರು ಮರೆತವರಲ್ಲ.

ತಂದೆಯವರು ತೀರಿಕೊಂಡರು. ಮನೆಗೆ ನಳ ಬಂತು. ಹೊಂಡವನ್ನು ನಾನು ಮರೆತೆನೆಂದರೆ ಸುಳ್ಳಾದೀತು. ಪ್ರತಿ ಫಾಲ್ಗುಣದಲ್ಲಿಯೂ ಅದು ನೆನಪಾಗುತ್ತಿತ್ತು, ಪ್ರತಿ ಫಾಲ್ಗುಣದಲ್ಲಿಯೂ ಕಚೇರಿಯ ವರ್ಷಾಂತ್ಯದ ಕೆಲಸವನ್ನು ನೆಪ ಮಾಡಿಕೊಂಡೆ. ಹೀಗೆ ವರ್ಷಗಳು ಉರುಳಿದವು. ಏಳು-ಹನ್ನೆರಡರ ಉತಾರೆಯಲ್ಲಿ ಬಾವಿಗಳನ್ನು ನಮೂದಿಸುವ ನಾನೇ, ಹೂಳಿನ ಅಳತೆಗೆ ಅಲ್ಲಿ ಅಂಕಣವಿಲ್ಲವೆಂದು ನಿಶ್ಚಿಂತನಾಗಿದ್ದೆ.

2016ರ ಬರಗಾಲ ಬಂತು. ಆ ವರ್ಷ ಯುಗಾದಿ ಏಪ್ರಿಲ್ 8ರಂದು. ಬೇವುಬೆಲ್ಲ ತಿಂದ ನಾಲ್ಕನೆಯ ದಿನ, ಅಂದರೆ ಏಪ್ರಿಲ್ 12ರಂದು, ಸುಮಾರು 340 ಕಿಲೋಮೀಟರು ದೂರದ ಮಿರಜದಿಂದ ಮೊದಲ ನೀರಿನ ರೈಲು ಲಾತೂರಕ್ಕೆ ಬಂದಿತು. ತಲಾ 50,000 ಲೀಟರಿನ 10 ಟ್ಯಾಂಕರುಗಳು, ಒಟ್ಟು 5 ಲಕ್ಷ ಲೀಟರು. ಅದೇ ಬೇಸಗೆಯ ಒಂದು ಮಧ್ಯಾಹ್ನ ಬೀದಿಯ ಕೊನೆಯ ಮನೆಯ ವೃದ್ಧೆಯೊಬ್ಬಳು ಬರಿಗೊಡ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬಂದಳು.

"ತಮ್ಮಾ, ನಿಮ್ಮ ಹೊಂಡದಾಗ ಒಂದ್ ಕೊಡ ನೀರ ಸಿಗತಾವೇನಪ್ಪಾ?"

"ಅವ್ವಾ, ಅದರಾಗ ನೀರಿಲ್ಲ. ಬರೇ ಹೂಳದ."

ಅವಳು ಸ್ವಲ್ಪ ಹೊತ್ತು ನಿಂತಳು. "ನಿಮ್ಮಪ್ಪ ಇದ್ದಾಗ ಇರತಿತ್ತು" ಎಂದಳು. ಅದರಲ್ಲಿ ಆಕ್ಷೇಪಣೆಯ ಧ್ವನಿಯೂ ಇರಲಿಲ್ಲ. ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೊರಟುಹೋದಳು.

ಮಹಾಶಯರೆ, ಇಲ್ಲಿಂದ ನನ್ನ ಪ್ರಶ್ನೆ. ನಾನು ಯಾರ ನೀರನ್ನೂ ಕದಿಯಲಿಲ್ಲ. ಯಾರ ಕೊಡವನ್ನೂ ಒಡೆಯಲಿಲ್ಲ. ಹೊಂಡವು ನನ್ನದು, ಊರಿನಲ್ಲಿ ಹೊಂಡವೇ ಇಲ್ಲದ ನೂರು ಮನೆಗಳುಂಟು, ಅವರನ್ನು ಯಾರೂ ದೂರುವುದಿಲ್ಲ. ಮಳೆಯಿಲ್ಲದ ವರ್ಷದಲ್ಲಿ ಹೊಂಡ ತೆರವಾಗಿದ್ದರೂ ನೀರಿರುತ್ತಿತ್ತೆಂದು ಯಾರು ಬಲ್ಲರು? ಹೀಗೆ ಮೂರು ವಾದಗಳನ್ನು ನನ್ನ ಪರವಾಗಿ ನಾನೇ ಹೂಡಿದೆ. ಮೂರೂ ನಿಲ್ಲಲಿಲ್ಲ.

ಹೊಂಡವು ನನ್ನದೆಂಬುದು ಮೊದಲ ವಾದ. ಅದನ್ನು ನಾನು ಅಗೆಯಲಿಲ್ಲ, ಕಲ್ಲು ಹೊರಲಿಲ್ಲ. ಪೂರ್ವಿಕರಿಂದ ನನಗೆ ಬಂದುದು ಸ್ವತ್ತಲ್ಲ, ಇಡಗಂಟು. ಇಡಗಂಟನ್ನು ತಿಂದುಹಾಕುವುದು ಹೇಗೆ ತಪ್ಪೋ, ಹಾಗೆಯೇ ಅದನ್ನು ಗೆದ್ದಲಿಗೆ ಬಿಡುವುದೂ ತಪ್ಪು. ಹೊಂಡವಿಲ್ಲದವರ ಮಾತು ಎರಡನೆಯದು. ಕೈಯಲ್ಲಿ ದೀಪವಿಲ್ಲದವನು ಕತ್ತಲೆಗೆ ಹೊಣೆಯಲ್ಲ. ದೀಪವಿದ್ದೂ ಎಣ್ಣೆ ಎರೆಯದವನು ಹೊಣೆ. ಮೂರನೆಯದು, ನೀರು ಇರುತ್ತಿತ್ತೋ ಇಲ್ಲವೋ ಎಂಬ ಸಂಶಯ. ಆ ಸಂಶಯವನ್ನು ಬಗೆಹರಿಸುವ ಅವಕಾಶವನ್ನು ಕಳೆದವನು ನಾನೇ ಅಲ್ಲವೆ? ಅದರ ಲಾಭವನ್ನು ನಾನೇ ಪಡೆಯುವುದು ನ್ಯಾಯವಲ್ಲ. ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಭಗವಂತನು ಕರ್ಮ, ವಿಕರ್ಮ, ಅಕರ್ಮ ಎಂಬ ಮೂರನ್ನೂ ತಿಳಿಯಬೇಕೆಂದು ಹೇಳುತ್ತಾನೆ. ಸುಮ್ಮನಿರುವುದೂ ಒಂದು ಕರ್ಮವಾಗಬಲ್ಲದೆಂಬುದು ನನ್ನ ಅಲ್ಪಮತಿಗೆ ತೋರಿದ್ದು ಆ ದಿನ.

ಇಲ್ಲಿ ಒಬ್ಬ ಸ್ನೇಹಿತರು ಆಕ್ಷೇಪಿಸಿದರು: "ಕೆರೆ ಬಾವಿಗಳ ಕೆಲಸವೆಲ್ಲ ಬಹಿರಂಗದ್ದು. ಅಂತರಂಗದ ಹೂಳು ತೆಗೆಯುವುದಲ್ಲವೆ ನಿಜವಾದ ಭಕ್ತಿ? ಸೊನ್ನಲಿಗೆಯಲ್ಲಿ ಅಲ್ಲಮಪ್ರಭುಗಳು ಸಿದ್ಧರಾಮನಿಗೆ ಅದನ್ನೇ ಬೋಧಿಸಲಿಲ್ಲವೆ?" ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಪ್ರಭುಗಳು ಒಡ್ಡರಾಮನೆಂದು ಕರೆದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಿಂದ ನಮಗೆಲ್ಲ ತಿಳಿದದ್ದೇ. ಆದರೆ ನನ್ನ ತಿಳಿವಳಿಕೆ ಬೇರೆ. ಪ್ರಭುಗಳು ಕೆಡವಿದ್ದು ಕೆರೆಯನ್ನಲ್ಲ, ಕೆರೆ ಕಟ್ಟಿಸಿದೆನೆಂಬ ಅಹಂಕಾರವನ್ನು. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಕೆರೆ ಇಂದಿಗೂ ಇದೆ, ಅವರ ದೇವಾಲಯವೂ ಆ ನೀರಿನ ನಡುವೆಯೇ ಇದೆ. ಒಳಗಿನ ಹೂಳನ್ನು ತೆಗೆಯುತ್ತೇನೆಂದು ಹೊರಗಿನ ಬುಟ್ಟಿಯನ್ನು ಕೆಳಗಿಡುವವನು ಎರಡನ್ನೂ ತೆಗೆಯಲಾರನೆಂದು ನನ್ನ ಅನುಭವ. ಏಕೆಂದರೆ ನಾನು ಹತ್ತು ವರ್ಷ ಮಾಡಿದ್ದು ಅದನ್ನೇ.

2016ರ ಸೆಪ್ಟೆಂಬರಿನಲ್ಲಿ ಮಳೆ ಸಮೃದ್ಧಿಯಾಗಿ ಬಂದಿತು. ಹೊಂಡ ತುಂಬಿತು, ನೋಡಿದವರು ಸಂತೋಷಪಟ್ಟರು. ಜಲ್ಲೆ ಇಳಿಸಿ ನೋಡಿದರೆ ಮೊಣಕಾಲುದ್ದ ನೀರು, ಅದರ ಕೆಳಗೆಲ್ಲ ಕೆಸರು. ಮೇಲಿನಿಂದ ನೋಡಿದವರಿಗೆ ತುಂಬಿದ ಹೊಂಡಕ್ಕೂ ಹೂತ ಹೊಂಡಕ್ಕೂ ವ್ಯತ್ಯಾಸ ಕಾಣದು. ನನಗೆ ನನ್ನ ಭಾವಚಿತ್ರವನ್ನೇ ನೋಡಿದಂತಾಯಿತು. ಮುಂದಿನ ಹೋಳಿಯ ಮರುದಿನ ಆಳುಗಳೊಡನೆ ನಾನೂ ಇಳಿದೆ. ಒಂಬತ್ತು ದಿನ ಹಿಡಿಯಿತು. ಹೂಳಿನೊಳಗೆ ಅಡಗಿದ್ದ ಆರು ಮೆಟ್ಟಿಲುಗಳು ಹೊರಬಿದ್ದವು. ಎಂಟನೆಯ ದಿನ ಮೂಲೆಯ ಕಲ್ಲುಸಂದಿನಿಂದ ನೀರು ಒಸರತೊಡಗಿತು. ಆ ವೃದ್ಧೆ ಅದನ್ನು ನೋಡಲಿಲ್ಲ. ಚಳಿಗಾಲದಲ್ಲಿಯೇ ಅವಳು ಕಾಲವಾಗಿದ್ದಳು.

ಆ ಆರು ಮೆಟ್ಟಿಲುಗಳು ಇನ್ನೊಂದು ಹಳೆಯ ಬಾಕಿಯನ್ನೂ ನೆನಪಿಸಿದವು. ನಮ್ಮ ಅಜ್ಜನವರ ಕಾಲದಲ್ಲಿ ಕೆಲವು ಮನೆಯವರು ಆ ಮೆಟ್ಟಿಲಿಳಿಯುವಂತಿರಲಿಲ್ಲ. ದಡದಲ್ಲಿ ನಿಂತು, ಯಾರಾದರೂ ಮೇಲಿನಿಂದ ಸುರಿದರೆ ಪಡೆಯಬೇಕಾಗಿತ್ತು. ಹೊಂಡವನ್ನು ಅಷ್ಟು ಶುಚಿಯಾಗಿಟ್ಟವರ ಕಣ್ಣಿಗೆ ಆ ಹೂಳು ಕಾಣಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. 1950ರ ಜನವರಿ 26ರಿಂದ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದವು ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟಗಳ ವಿಷಯದಲ್ಲಿ ಜಾತಿಯ ತಡೆಯನ್ನು ನಿಷೇಧಿಸಿತು. ಖಾಸಗಿ ಹಿತ್ತಲಿಗೆ ಕಾನೂನಿನ ಮಾತು ಬೇರೆಯಿರಬಹುದು. ಧರ್ಮದ ಮಾತು ಬೇರೆಯಿರಲಾರದು. ಈಗ ಹಿತ್ತಲ ಬಾಗಿಲಿಗೆ ಅಗಳಿ ಹಾಕುವುದಿಲ್ಲ. ಬಂದವರು ತಾವೇ ಇಳಿದು ತುಂಬಿಕೊಂಡು ಹೋಗುತ್ತಾರೆ.

ಆದರೆ ಆ ಒಂದು ಕೊಡದ ಲೆಕ್ಕ ಮುಗಿಯಿತೆ? ಇಲ್ಲ. ಕೊಡಬೇಕಾದವರಿಗೆ ಕೊಡದೆ ಹೋದುದನ್ನು ಬೇರೆಯವರಿಗೆ ಕೊಟ್ಟು ಜಮೆ ಬರೆದುಕೊಳ್ಳುವುದು ಖೊಟ್ಟಿ ಲೆಕ್ಕವಾದೀತು. ಬಾಕಿಯನ್ನು ಬಾಕಿಯೆಂದೇ ಮುಂದಿನ ಪುಟಕ್ಕೆ ಒಯ್ಯಬೇಕು. ಅದು ಕಣ್ಣೆದುರಿಗಿದ್ದರೆ ಮತ್ತೊಂದು ಬಾಕಿ ಬೆಳೆಯಗೊಡದು. ಕರ್ಮದ ಲೆಕ್ಕದಲ್ಲಿ ನನಗೆ ತಿಳಿದ ನಿಯಮ ಇಷ್ಟೇ.

ನಮ್ಮ ದೇವಾಲಯದ ಶಿಖರಕ್ಕೆ ಹೊಸ ಗಾರೆಯಾಗಿದೆ, ಕಲಶವೇರಿದೆ. ಕೊಟ್ಟವರ ಹೆಸರು ಈ ಸಂಚಿಕೆಯಲ್ಲಿಯೇ ಅಚ್ಚಾಗುತ್ತದೆ, ಅದು ಯುಕ್ತವೇ. ಆದರೆ ಜೀರ್ಣೋದ್ಧಾರವು ಒಮ್ಮೆ ಮಾಡಿ ಮುಗಿಸುವ ಕಾರ್ಯವಲ್ಲ. ನಾವು ಹೂಳೆನ್ನುವುದನ್ನು ಮರಾಠಿ ಬಂಧುಗಳು ಗಾಳವೆನ್ನುತ್ತಾರೆ, ನಮ್ಮ ಯುಗಾದಿ ಅವರಿಗೆ ಪಾಡವಾ. ಹೆಸರು ಎರಡಾದರೂ ಎಲೆ ಉದುರುವ ಕಾಲ ಒಂದೇ. ಹೋಳಿಗೂ ಯುಗಾದಿಗೂ ನಡುವಿನ ಆ ಹದಿನೈದು ದಿನಗಳಲ್ಲಿ ತಮ್ಮ ತಮ್ಮ ಹಿತ್ತಲಿನಲ್ಲಿ ಏನು ಹೂತುಹೋಗಿದೆಯೆಂದು ಪ್ರತಿಯೊಬ್ಬರೂ ಒಮ್ಮೆ ಜಲ್ಲೆ ಇಳಿಸಿ ನೋಡಬೇಕೆಂದು ವಿನಂತಿಸಿ, ಈ ಅಲ್ಪ ಬರಹವನ್ನು ಮಹಾದೇವನ ಪಾದಗಳಲ್ಲಿಟ್ಟು ವಿರಮಿಸುತ್ತೇನೆ.