ಮೀನಿನ ಮಳೆ ಯಾರ ಲೆಕ್ಕಕ್ಕೆ?

ಅಮೆರಿಕದ ‘ಫಾರ್ಗೋ’ ಧಾರಾವಾಹಿಯ ಮೊದಲ ಸರಣಿಯ ಆರನೇ ಸಂಚಿಕೆಯಲ್ಲಿ ಆಕಾಶದಿಂದ ಮೀನು ಸುರಿಯುತ್ತದೆ. ಮಿನ್ನೆಸೋಟದ ಹಿಮಗಾಳಿಯಲ್ಲಿ ಸೂಪರ್‌ಮಾರ್ಕೆಟ್‌ಗಳ ಒಡೆಯ ಸ್ಟಾವ್ರೋಸ್ ಮಿಲೋಸ್ ಹಣದ ಪೆಟ್ಟಿಗೆಯೊಂದನ್ನು ರಸ್ತೆಬದಿಯ ಬೇಲಿಯ ಬುಡದಲ್ಲಿ ಹೂತು, ದೇವರ ಸಾಲ ತೀರಿತೆಂದು ನಿರಾಳವಾಗಿ ಕಾರು ಹತ್ತಿದ್ದಾನೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೀನಿನ ಮಳೆ. ಅದಕ್ಕೆ ಸಿಕ್ಕಿ ಉರುಳಿದ ಇನ್ನೊಂದು ಕಾರಿನಲ್ಲಿ ಅವನ ಮಗ ಡಿಮಿಟ್ರಿ ಹೆಣವಾಗಿದ್ದಾನೆ. ತನ್ನದಲ್ಲದ ಹಣವನ್ನು ಸುಮಾರು ಎರಡು ದಶಕ ಅನುಭವಿಸಿದಾಗ ಏನೂ ಆಗದವನಿಗೆ, ಅದನ್ನು ಬಿಟ್ಟುಕೊಟ್ಟ ಕೂಡಲೇ ಹೀಗಾಯಿತು. ಮಾಡಿದ್ದುಣ್ಣೋ ಮಾರಾಯ ಎಂಬ ಗಾದೆಯ ಬಲದ ಮೇಲೆಯೇ ಅಪರಾಧದ ಕಥೆಗಳನ್ನು ನೋಡುವ ನಮಗೆ ಈ ದೃಶ್ಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಲೋಕ ತಾನಾಗಿ ಪಾಪಪುಣ್ಯದ ಲೆಕ್ಕ ಇಡುತ್ತದೆ ಎಂಬ ನಂಬಿಕೆಯನ್ನು ಈ ಸರಣಿ ಒಪ್ಪುವುದಿಲ್ಲ. ಹಾಗೆಂದು ಒಳ್ಳೆಯತನ ವ್ಯರ್ಥ ಎಂದೂ ಅದು ಹೇಳುವುದಿಲ್ಲ. ಈ ಎರಡರ ನಡುವಿನ ಜಾಗ ಬಹಳ ಇಕ್ಕಟ್ಟಾದದ್ದು. ಅಲ್ಲಿ ನಿಂತು ಬದುಕುವುದು ಹೇಗೆ ಎಂಬುದೇ ಸರಣಿಯ ನಿಜವಾದ ವಿಷಯವೆಂದು ನನ್ನ ವಾದ.

ಕೋಯೆನ್ ಸಹೋದರರ 1996ರ ಚಿತ್ರದಿಂದ ಹೆಸರನ್ನೂ ಹಿಮವನ್ನೂ ಪಡೆದು ನೋವಾ ಹಾಲಿ ಕಟ್ಟಿದ ಈ ಸರಣಿಯ ಹತ್ತು ಸಂಚಿಕೆಗಳು 2014ರ ಏಪ್ರಿಲ್‌ನಿಂದ ಜೂನ್‌ವರೆಗೆ ಎಫ್‌ಎಕ್ಸ್ ವಾಹಿನಿಯಲ್ಲಿ ಪ್ರಸಾರವಾದವು. ಚಿತ್ರಕ್ಕೂ ಸರಣಿಗೂ ನೇರ ಕೊಂಡಿ ಎಂದರೆ ಸ್ಟಾವ್ರೋಸ್‌ನ ಆ ಹಣವೇ. ಚಿತ್ರದಲ್ಲಿ ಹೆಂಗಸೊಬ್ಬಳ ಅಪಹರಣದಿಂದ ಬಂದ ಒತ್ತೆಹಣವನ್ನು ಅಪಹರಣಕಾರರಲ್ಲೊಬ್ಬ ಬೇಲಿಯ ಪಕ್ಕ ಹೂತು, ಹಿಮ ಕೆರೆಯುವ ಕೆಂಪು ಸಲಾಕೆಯನ್ನು ಗುರುತಿಗೆ ನೆಟ್ಟು ಹೋಗುತ್ತಾನೆ, ಮರಳಿ ಬರುವ ಮೊದಲೇ ಕೊಲೆಯಾಗುತ್ತಾನೆ. 1987ರಲ್ಲಿ ಕೈ ಖಾಲಿಯಾಗಿ, ಹೆಂಡತಿ ಮತ್ತು ಮಗನೊಂದಿಗೆ ಹಿಮದ ರಸ್ತೆಯಲ್ಲಿ ಸಿಕ್ಕಿಬಿದ್ದು ದೇವರನ್ನು ಕೂಗಿದ ಸ್ಟಾವ್ರೋಸ್‌ಗೆ ಕಂಡದ್ದು ಆ ಕೆಂಪು ಸಲಾಕೆ. ದೈವಕೃಪೆಯೆಂದು ಅವನು ಎದೆಗೊತ್ತಿಕೊಂಡದ್ದು ಕೊಲೆಗಳ ಉಳಿಕೆ. ಇದು ಪ್ರೇಕ್ಷಕರಿಗೆ ಗೊತ್ತು, ಅವನಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಮುಂದೆ ಬಾಡಿಗೆ ಹಂತಕ ಲಾರ್ನ್ ಮಾಲ್ವೊ ಈ ಗುಟ್ಟನ್ನು ಹಿಡಿದು ಅವನಿಂದ ಹಣ ಕೀಳಲು ಬೈಬಲ್ಲಿನ ವಿಮೋಚನಕಾಂಡವನ್ನೇ ನಾಟಕವಾಡಿಸುತ್ತಾನೆ. ಸ್ನಾನದ ಕೊಳವೆಯಲ್ಲಿ ರಕ್ತ ಹರಿಸುತ್ತಾನೆ, ಅಂಗಡಿಯೊಳಗೆ ಮಿಡತೆಗಳನ್ನು ಬಿಡುತ್ತಾನೆ, ಔಷಧಿಯನ್ನು ಬದಲಾಯಿಸುತ್ತಾನೆ. ಮನುಷ್ಯ ಹೂಡಿದ ಈ ಸುಳ್ಳು ಸಂಕೇತಗಳನ್ನೆಲ್ಲ ಸ್ಟಾವ್ರೋಸ್ ದೇವರ ಮಾತೆಂದು ಓದುತ್ತಾನೆ. ಯಾರೂ ಹೂಡದ ಮೀನಿನ ಮಳೆ ಬಂದಾಗ ಓದಲು ಅವನಲ್ಲಿ ಶಕ್ತಿಯೇ ಉಳಿದಿರುವುದಿಲ್ಲ. ಬೈಬಲ್ಲಿನಲ್ಲೇ ಇರುವ ಯೋಬನ ಕಥೆಯಲ್ಲಿ, ನೋವು ಬಂದಿದೆಯೆಂದರೆ ಪಾಪ ಮಾಡಿರಲೇಬೇಕು ಎಂದು ವಾದಿಸುವ ಗೆಳೆಯರ ಮೇಲೆ ದೇವರು ಸಿಟ್ಟಾಗುತ್ತಾನೆ. ಸ್ಟಾವ್ರೋಸ್ ಯೋಬನ ಸಂಕಟವನ್ನೂ ಆ ಗೆಳೆಯರ ತರ್ಕವನ್ನೂ ಒಬ್ಬನೇ ಹೊತ್ತವನು.

ಇಲ್ಲಿ ಏಳುವ ಆಕ್ಷೇಪ ಬಲವಾದದ್ದು: ಹತ್ತನೇ ಸಂಚಿಕೆಯಲ್ಲಿ ಮಾಲ್ವೊ ಸಾಯುತ್ತಾನಲ್ಲ, ಹೆಂಡತಿಯನ್ನು ಸುತ್ತಿಗೆಯಿಂದ ಹೊಡೆದು ಕೊಂದು ಆ ಅಪರಾಧವನ್ನು ಸ್ವಂತ ತಮ್ಮನ ತಲೆಗೆ ಕಟ್ಟಿದ ವಿಮಾ ಏಜೆಂಟ್ ಲೆಸ್ಟರ್ ನೈಗಾರ್ಡ್ ತೆಳು ಮಂಜುಗಡ್ಡೆ ಒಡೆದು ನೀರುಪಾಲಾಗುತ್ತಾನಲ್ಲ, ಹಾಗಾದರೆ ಕರ್ಮದ ಲೆಕ್ಕ ಸರಿಹೋದಂತೆಯೇ ಅಲ್ಲವೆ? ಲೆಸ್ಟರ್ ಮುಳುಗುವಾಗ ನಮ್ಮ ಮನಸ್ಸು ತಣ್ಣಗಾಗುವುದು ನಿಜ. ಆದರೆ ಮಂಜುಗಡ್ಡೆ ತೀರ್ಪು ಕೊಟ್ಟಿತು ಎನ್ನುವವರು ಮೀನಿನ ಮಳೆಯೂ ತೀರ್ಪು ಕೊಟ್ಟಿತು ಎನ್ನಲೇಬೇಕು. ಎರಡೂ ಅದೇ ಚಳಿಯ, ಅದೇ ಆಕಾಶದ ಕೆಲಸ. ಡಿಮಿಟ್ರಿ ಯಾವ ತಪ್ಪಿಗೆ ಸತ್ತ? ಅದೇ ಹಿಮಗಾಳಿಯಲ್ಲಿ ಕಣ್ಣು ಕಾಣದೆ ಡುಲೂತ್‌ನ ಪೊಲೀಸ್ ಗಸ್ ಗ್ರಿಮ್ಲಿ ಹಾರಿಸಿದ ಗುಂಡು ಮಾಲ್ವೊನಿಗೆ ತಗಲದೆ ಮೋಲಿ ಸಾಲ್ವರ್ಸನ್‌ಗೆ, ಅಂದರೆ ಇಡೀ ಕಥೆಯ ಅತ್ಯಂತ ನೇರವಾದ ವ್ಯಕ್ತಿಗೆ, ತಗಲುತ್ತದೆ. ಪ್ರಕೃತಿಯನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಿದರೆ ಅದರ ಎಲ್ಲ ತೀರ್ಪುಗಳನ್ನೂ ಒಪ್ಪಬೇಕು. ನಮಗೆ ಹಿಡಿಸಿದ್ದನ್ನು ಮಾತ್ರ ಆರಿಸಿಕೊಂಡರೆ ಅದು ನಂಬಿಕೆಯಲ್ಲ, ಬಯಕೆ. ಮೇಲಾಗಿ, ಇಬ್ಬರು ದುಷ್ಟರ ಸಾವಿನ ಎದುರಿಗೆ ಪೊಲೀಸ್ ಮುಖ್ಯಸ್ಥ ವರ್ನ್, ಲೆಸ್ಟರನ ಎರಡನೇ ಹೆಂಡತಿ ಲಿಂಡಾ, ಕೊನೆಯಲ್ಲಿ ಇಬ್ಬರು ಎಫ್‌ಬಿಐ ಅಧಿಕಾರಿಗಳು, ಇನ್ನೂ ಎಷ್ಟೋ ಜನ ಇದ್ದಾರೆ. ಯಾವ ತಕ್ಕಡಿಯೂ ಇದನ್ನು ಸಮ ಮಾಡಲಾರದು.

ಲೆಕ್ಕ ಇಡುವವರು ಇಲ್ಲವೆಂದಾದರೆ ಮಾಲ್ವೊ ಹೇಳಿದ್ದೇ ಸರಿಯಾಗುವುದಿಲ್ಲವೆ? ಬಿಲ್ಲಿ ಬಾಬ್ ಥಾರ್ನ್ಟನ್ ಮೆಲುದನಿಯಲ್ಲಿ ಆಡುವ ಆ ಪಾತ್ರ ಮೊದಲ ಸಂಚಿಕೆಯಲ್ಲೇ ಲೆಸ್ಟರನಿಗೆ ಕಲಿಸುವುದು ಇಷ್ಟೆ: ನಿಯಮಗಳಿವೆ ಎಂದು ನಂಬಿದ್ದೇ ನಿನ್ನ ದೋಷ, ನಿಯಮಗಳೇ ಇಲ್ಲ. ಈ ಮಾತಿಗೆ ಸರಣಿ ತತ್ವದಿಂದ ಉತ್ತರಿಸುವುದಿಲ್ಲ, ಮೋಲಿಯಿಂದ ಉತ್ತರಿಸುತ್ತದೆ. ಆಲಿಸನ್ ಟಾಲ್ಮನ್ ನಿರ್ವಹಿಸಿದ ಈ ಪೊಲೀಸ್ ಅಧಿಕಾರಿಣಿಗೆ ಮೇಲಧಿಕಾರಿಯ ಬೆಂಬಲವಿಲ್ಲ. ಪ್ರಕರಣ ಮುಗಿಯಿತೆಂದು ಊರೇ ಮರೆತ ಮೇಲೂ ಮನೆಯ ಗೋಡೆಯ ಮೇಲೆ ಫೋಟೋಗಳನ್ನು ಅಂಟಿಸಿಕೊಂಡು ಅವಳು ಅದನ್ನು ಬೆನ್ನಟ್ಟುತ್ತಾಳೆ. ಲೋಕ ನ್ಯಾಯವಾಗಿದೆ ಎಂಬ ಭರವಸೆ ಅವಳಿಗೆ ಎಲ್ಲಿಂದಲೂ ಸಿಕ್ಕಿಲ್ಲ. ಕೆಲಸ ಇನ್ನೂ ಮುಗಿದಿಲ್ಲ ಎಂಬುದಷ್ಟೇ ಅವಳಿಗೆ ಗೊತ್ತು. ಗೀತೆಯನ್ನು ಬಲ್ಲವರಿಗೆ ಫಲದ ಆಸೆಯಿಲ್ಲದ ಕರ್ಮ ಇಲ್ಲಿ ಥಟ್ಟನೆ ನೆನಪಾಗುತ್ತದೆ. ಹೋಲಿಕೆ ಒಂದು ಹಂತದವರೆಗೆ ನಿಲ್ಲುತ್ತದೆ, ಆಮೇಲೆ ನಿಲ್ಲುವುದಿಲ್ಲ: ಅರ್ಜುನನಿಗೆ ಪಕ್ಕದಲ್ಲೇ ಸಾರಥಿಯಿದ್ದ, ವಿಶ್ವರೂಪದ ದರ್ಶನವಿತ್ತು. ಮೋಲಿಗೆ ಇರುವುದು ಕಾಫಿ ಅಂಗಡಿ ನಡೆಸುವ ಅಪ್ಪ ಮಾತ್ರ. ಕೊನೆಯ ಸಂಚಿಕೆಯಲ್ಲಿ ಅವಳು ಲೆಸ್ಟರನಿಗೆ ಕಥೆಯೊಂದನ್ನು ಹೇಳುತ್ತಾಳೆ. ರೈಲು ಹತ್ತುವಾಗ ಒಬ್ಬನ ಒಂದು ಕೈಗವಸು ಕೆಳಗೆ ಬಿದ್ದುಹೋಗುತ್ತದೆ, ಸಿಕ್ಕವರಿಗೆ ಜೋಡಿಯಾಗಲೆಂದು ಅವನು ಇನ್ನೊಂದನ್ನೂ ಎಸೆಯುತ್ತಾನೆ. ರೈಲಿನಿಂದ ಜಾರಿದ ಚಪ್ಪಲಿಯ ಹಿಂದೆ ಗಾಂಧೀಜಿ ಇನ್ನೊಂದನ್ನೂ ಎಸೆದರೆಂಬ, ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿರುವ ಕಥೆಯೇ ಇದು. ಎಸೆದವನಿಗೆ ಏನೂ ಬರುವುದಿಲ್ಲ, ಎತ್ತಿಕೊಂಡವರ ಮುಖವೂ ಅವನಿಗೆ ಕಾಣುವುದಿಲ್ಲ. ಲೆಸ್ಟರನಿಗೆ ಆ ಕಥೆ ಅರ್ಥವಾಗುವುದಿಲ್ಲ. ಅವನ ಬದುಕಿನಲ್ಲಿ ಕೊಟ್ಟದ್ದಕ್ಕೆಲ್ಲ ಪ್ರತಿಫಲ ಇರಲೇಬೇಕು.

ಸರಣಿ 2014ರ ಅಕ್ಟೋಬರ್‌ನಲ್ಲಿ ಡಿವಿಡಿ ಮತ್ತು ಬ್ಲೂ-ರೇ ರೂಪದಲ್ಲಿ ಬಂತು, ಕೆಲವು ಸಂಚಿಕೆಗಳಿಗೆ ತಯಾರಕರ ವ್ಯಾಖ್ಯಾನ, ಕೈಬಿಟ್ಟ ದೃಶ್ಯಗಳು ಎಲ್ಲ ಸೇರಿ. ತಟ್ಟೆಯಲ್ಲಿ ಬರುವುದು ವ್ಯಾಪಾರದ ಸಂಗತಿ ಎನ್ನಿಸಬಹುದು. ನನಗೆ ಅದು ಪಾಪಪುಣ್ಯದ ಲೆಕ್ಕದ ಈ ಪ್ರಶ್ನೆಗೆ ತೀರಾ ಹತ್ತಿರದ್ದೆನ್ನಿಸುತ್ತದೆ. ವಾರಕ್ಕೊಂದರಂತೆ ನೋಡುವಾಗ ನಾವು ಕಾಯುವುದು ಶಿಕ್ಷೆಗೆ: ಇವನು ಯಾವಾಗ ಸಿಕ್ಕಿಬೀಳುತ್ತಾನೆ? ಕೊನೆ ತಿಳಿದ ಮೇಲೆ ತಟ್ಟೆಯನ್ನು ಮತ್ತೆ ಮೊದಲಿನಿಂದ ಹಾಕಿದಾಗ ಆ ಕಾಯುವಿಕೆ ಸತ್ತುಹೋಗಿರುತ್ತದೆ, ಅದರ ಜಾಗದಲ್ಲಿ ಬೇರೆಯದೇ ಕಾಣಿಸುತ್ತದೆ. ಆಸ್ಪತ್ರೆಯಲ್ಲಿ ಪರಿಚಯವಿಲ್ಲದ ಮಾಲ್ವೊ, ನಿನ್ನನ್ನು ಹೀನಾಯಿಸಿದವನನ್ನು ಕೊಲ್ಲಲೇ ಎಂದಾಗ ಲೆಸ್ಟರ್ ಬೇಡವೆಂದು ಖಂಡಿತವಾಗಿ ಹೇಳದೆ ಉಳಿಯುವ ಆ ಹೊತ್ತು. ರಾತ್ರಿ ರಸ್ತೆಯಲ್ಲಿ ಕಾರು ತಡೆದ ಗಸ್, ಮಗಳ ನೆನಪಾಗಿ ಹೆದರಿ ಮಾಲ್ವೊನನ್ನು ಬಿಟ್ಟುಬಿಡುವ ಹೊತ್ತು. ಒಂದು ವರ್ಷದ ನಂತರ ಲಾಸ್ ವೇಗಸ್‌ನ ಲಿಫ್ಟಿನಲ್ಲಿ, ಇದೇನಾ ನಿನಗೆ ಬೇಕಾದದ್ದು ಎಂದು ಮಾಲ್ವೊನೇ ಕೇಳಿ ಹಿಂದೆ ಸರಿಯಲು ಅವಕಾಶ ಕೊಟ್ಟಾಗ ಲೆಸ್ಟರ್ ಹೌದೆನ್ನುವ ಹೊತ್ತು. ಎಲ್ಲಕ್ಕಿಂತ ಭಯಂಕರವಾದದ್ದು, ಒಳಗೆ ಕೊಲೆಗಾರನಿರಬಹುದೆಂದು ಗೊತ್ತಿದ್ದೂ ತನ್ನ ಕಿತ್ತಳೆ ಬಣ್ಣದ ಕೋಟನ್ನು ಲಿಂಡಾಗೆ ತೊಡಿಸಿ, ತಲೆಗೆ ಟೋಪಿಯನ್ನೂ ಎಳೆಯಲು ಹೇಳಿ ಕಚೇರಿಯೊಳಗೆ ಕಳಿಸುವ ಹೊತ್ತು. ಮೊದಲ ಸಲ ಇವು ಕಥೆಯ ತಿರುವುಗಳು. ಎರಡನೇ ಸಲ ಪ್ರತಿಯೊಂದೂ ತೆರೆದೇ ಇದ್ದ ಬಾಗಿಲು.

ಇದಕ್ಕೆ ವಿರುದ್ಧವಾದ ಮಾತೂ ಇದೆ. ತಟ್ಟೆಯಲ್ಲಿ ಮುದ್ರಣವಾದದ್ದು ಬದಲಾಗುವುದಿಲ್ಲ, ನೂರು ಸಲ ಹಾಕಿದರೂ ಲಿಂಡಾ ಒಳಗೆ ಹೋಗಿಯೇ ಹೋಗುತ್ತಾಳೆ, ಹಾಗಿರುವಾಗ ಮರುನೋಟ ಕಲಿಸುವುದು ಹಣೆಬರಹವನ್ನಲ್ಲವೆ? ಅಲ್ಲ ಎನ್ನುತ್ತೇನೆ. ಒಂದು ಘಟನೆ ಹೀಗೇ ಆಯಿತು ಎಂಬುದರಿಂದ ಅದು ಹೀಗೇ ಆಗಬೇಕಿತ್ತು ಎಂದು ಸಿದ್ಧವಾಗುವುದಿಲ್ಲ. ನಮ್ಮ ನಿನ್ನೆಗಳೂ ಬದಲಾಗುವುದಿಲ್ಲ, ಅಷ್ಟಕ್ಕೆ ನಿನ್ನೆಯ ತಪ್ಪು ನಮ್ಮದಲ್ಲವೆಂದು ಯಾರೂ ಕೈತೊಳೆದುಕೊಳ್ಳಲಾರರು. ಆರನೇ ಸಂಚಿಕೆಗೆ 14ನೇ ಶತಮಾನದ ಫ್ರೆಂಚ್ ತತ್ವಜ್ಞಾನಿ ಬುರಿಡಾನ್‌ನ ಹೆಸರಿಗೆ ಅಂಟಿಕೊಂಡ ಕತ್ತೆಯ ಶೀರ್ಷಿಕೆಯಿದೆ, ಎರಡು ಸಮನಾದ ಹುಲ್ಲಿನ ರಾಶಿಗಳ ನಡುವೆ ಆರಿಸಲಾರದೆ ಹಸಿದು ಸಾಯುವ ಕತ್ತೆ. ಝೆನ್ ಕಥೆಗಳಿಂದಲೂ ಗ್ರೀಕರ ತರ್ಕದ ತೊಡಕುಗಳಿಂದಲೂ ಶೀರ್ಷಿಕೆ ಪಡೆದ ಈ ಸಂಚಿಕೆಗಳಲ್ಲಿ ಒಬ್ಬರೂ ಆ ಕತ್ತೆಯ ಸ್ಥಿತಿಯಲ್ಲಿಲ್ಲ ಎಂಬುದೇ ಗಮನಿಸಬೇಕಾದದ್ದು. ಲೆಸ್ಟರನ ಮುಂದಿದ್ದ ರಾಶಿಗಳು ಎಂದೂ ಸಮವಾಗಿರಲಿಲ್ಲ. ಮಾರ್ಟಿನ್ ಫ್ರೀಮನ್ ಮುಖದ ಮೇಲೆ, ಕೋಟು ಬಿಚ್ಚುವ ಮುಂಚಿನ ಆ ತಡವರಿಕೆಯಲ್ಲಿ, ಅದು ಲೆಸ್ಟರನಿಗೂ ಗೊತ್ತಿದೆ ಎಂಬುದು ಕಾಣುತ್ತದೆ.

ಇಷ್ಟೆಲ್ಲ ಸಾವುಗಳ ನಡುವೆ ನಗಿಸುವ ಸರಣಿ ಸಾವನ್ನು ಹಗುರಮಾಡುತ್ತದೆ ಎಂಬ ದೂರಿನಲ್ಲಿ ಸ್ವಲ್ಪ ಹುರುಳಿದೆ. ಕೆಲವು ಕೊಲೆಗಳು ಚಮತ್ಕಾರಕ್ಕೆಂದೇ ಬಂದಂತಿವೆ. ಆದರೆ ನಗು ಹೆಚ್ಚಾಗಿ ಹುಟ್ಟುವುದು ಸಾವಿನಿಂದಲ್ಲ, ಅದರ ಸುತ್ತ ಜನ ಬಿಡದೆ ಕಾಪಾಡಿಕೊಳ್ಳುವ ಸೌಜನ್ಯದಿಂದ. ಪ್ರತಿ ಸಂಚಿಕೆಯ ಆರಂಭದಲ್ಲಿ ಇದು 2006ರಲ್ಲಿ ನಡೆದ ನಿಜಕಥೆ ಎಂಬ ಬರಹ ಬರುತ್ತದೆ. ಕಥೆ ಪೂರ್ತಿ ಕಲ್ಪಿತ. ಹಾಗಿದ್ದೂ ಸತ್ತವರಿಗೆ ಗೌರವ ಸಲ್ಲಬೇಕೆಂದು ಆ ಬರಹ ಕೇಳುವುದು ಸುಮ್ಮನಲ್ಲ. ನಿಜವಾಗಿ ನಡೆದದ್ದೆಂದು ಭಾವಿಸಿದಾಗ ನಾವು ಕಥೆಯಿಂದ ಕಾವ್ಯನ್ಯಾಯವನ್ನು ಬೇಡುವುದಿಲ್ಲ. ನಿಜದಲ್ಲಿ ಅದು ಸಿಗುವುದಿಲ್ಲವೆಂದು ಎಲ್ಲರಿಗೂ ಒಳಗೊಳಗೆ ಗೊತ್ತು.

2015ರಲ್ಲಿ ಬಂದ ಎರಡನೇ ಸರಣಿ 1979ಕ್ಕೆ ಹಿಂದೆ ಸರಿದು ಮೋಲಿಯ ತಾಯಿ ಬೆಟ್ಸಿಯನ್ನು ತೋರಿಸುತ್ತದೆ. ಕ್ಯಾನ್ಸರ್‌ನಿಂದ ಸಾಯುತ್ತಿರುವ ಬೆಟ್ಸಿಗೆ ಫ್ರೆಂಚ್ ಲೇಖಕ ಕಮೂನನ್ನು ಓದುವ ಹುಡುಗಿಯೊಬ್ಬಳು, ಸಾವು ಖಚಿತವಾಗಿರುವಾಗ ಬದುಕು ಅಸಂಗತ ಎಂದು ವಿವರಿಸುತ್ತಾಳೆ. ಅದನ್ನು ಬರೆದವನಿಗೆ ಆರು ವರ್ಷದ ಮಗಳಿರಲಿಕ್ಕಿಲ್ಲ ಎಂಬರ್ಥದ ಉತ್ತರ ಕೊಡುತ್ತಾಳೆ ಬೆಟ್ಸಿ. ಆ ಮಗಳೇ ಮೋಲಿ. ಎರಡು ಸರಣಿಗಳನ್ನೂ ಒಟ್ಟಿಗಿಟ್ಟು ನೋಡಿದಾಗ, ಮೋಲಿಯ ಹಟ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ಅದು ವಿಶ್ವದ ವ್ಯವಸ್ಥೆಯಲ್ಲಿಟ್ಟ ವಿಶ್ವಾಸದಿಂದ ಬಂದದ್ದಲ್ಲ, ಎದುರಿಗಿರುವವರ ಹೊಣೆ ಹೊತ್ತದ್ದರಿಂದ ಬಂದದ್ದು.

ಗಸ್ ಮಾತ್ರ ನನ್ನ ವಾದಕ್ಕೆ ಪೂರ್ತಿ ಒಗ್ಗುವುದಿಲ್ಲ. ಪೊಲೀಸ್ ಕೆಲಸ ಬಿಟ್ಟು ಅಂಚೆಯವನಾಗಿ, ಮೋಲಿಯನ್ನು ಮದುವೆಯಾಗಿರುವ ಅವನು ಮಾಲ್ವೊನ ಗುಡಿಸಲಲ್ಲಿ ಅಡಗಿದ್ದು, ಕಾಲು ಮುರಿದು ಕೂತವನ ಮೇಲೆ ಗುಂಡು ಹಾರಿಸುತ್ತಾನೆ. ಅಂದು ಮಗಳಿಗಾಗಿ ಹೆದರಿ ಬಿಟ್ಟವನು, ಇಂದು ಹೆಂಡತಿಗೂ ಹುಟ್ಟಲಿರುವ ಮಗುವಿಗೂ ಹೆದರಿ ಕೊಲ್ಲುತ್ತಾನೆ. ಪಾಪಕ್ಕೆ ತಕ್ಕ ಶಿಕ್ಷೆ ಎಂದು ಇದನ್ನು ಸಮರ್ಥಿಸಿದರೆ ನಾನು ಅಲ್ಲಗಳೆದ ಲೆಕ್ಕದ ಪುಸ್ತಕವನ್ನೇ ಮತ್ತೆ ತೆರೆದಂತಾಗುತ್ತದೆ. ಮನೆಯವರನ್ನು ಕಾಪಾಡಿದ ಎನ್ನಬಹುದು, ಮತ್ತು ಮಾಲ್ವೊ ಎಂಥವನೆಂದು ನೋಡಿದವರಿಗೆ ಅದು ಸಾಕೆನ್ನಿಸುತ್ತದೆ. ಆದರೆ ಗಾಯಗೊಂಡವನನ್ನು ಬಂಧಿಸುವುದು ಸಾಧ್ಯವಿತ್ತು. ಮೋಲಿ ಒಂದು ವರ್ಷಕ್ಕೂ ಮಿಕ್ಕಿ ದುಡಿದದ್ದು ಆ ಬಂಧನಕ್ಕಾಗಿಯೇ.