ಇನ್ನೊಂದು ಮಾತ್ರೆ

ನೋವಿನಲ್ಲಿರುವವರು ಹೊತ್ತಿಗೆ ಮೊದಲೇ ಮಾತ್ರೆ ಕೇಳುತ್ತಾರೆ. ಚಟ ಹತ್ತಿದವರೂ ಹಾಗೆಯೇ ಕೇಳುತ್ತಾರೆ. 1989ರಲ್ಲಿ ಅಮೆರಿಕದ ಇಬ್ಬರು ವೈದ್ಯರು, ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಹುಡುಗನೊಬ್ಬನನ್ನು ಕಂಡು, ನೋವು ತಗ್ಗದಿದ್ದರೆ ರೋಗಿ ಚಟದವನಂತೆ ಕಾಣುತ್ತಾನೆ ಎಂದು ಬರೆದರು. ಕರುಣೆಯಿಂದ ಹುಟ್ಟಿದ ಮಾತು. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಅಫೀಮಿನ ಜಾತಿಯ ನೋವಿನ ಮಾತ್ರೆ ಮಾರತೊಡಗಿದ ಪರ್ಡ್ಯೂ ಫಾರ್ಮಾ ಕಂಪನಿ ಅದನ್ನೇ ವ್ಯಾಪಾರಕ್ಕೆ ಹಚ್ಚಿತು: ರೋಗಿ ಮತ್ತೆ ಮತ್ತೆ ಕೇಳಿದರೆ ಗಾಬರಿ ಬೇಡ, ಡೋಸ್ ಏರಿಸಿ. ವೆಸ್ಟ್ ವರ್ಜೀನಿಯಾ, ಕೆಂಟಕಿಯ ಕಲ್ಲಿದ್ದಲು ಗಣಿಗಳಲ್ಲಿ ಬೆನ್ನು ಕಳೆದುಕೊಂಡವರ ಊರಿಗೆ ಊರೇ ಆ ಮಾತ್ರೆಗೆ ಬಿತ್ತು. ಕಂಪನಿ 2007ರಲ್ಲೊಮ್ಮೆ, 2020ರಲ್ಲಿ ಮತ್ತೊಮ್ಮೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು.

ಅದೇ ದೇಶದ ಕಪ್ಪು ವರ್ಣೀಯರು ನೋವು ಎಂದರೆ ಡಾಕ್ಟರುಗಳು ಅಷ್ಟಾಗಿ ನಂಬುತ್ತಿರಲಿಲ್ಲ. ಕಪ್ಪು ಚರ್ಮ ದಪ್ಪ ಎಂಬಂಥ ಮೂಢನಂಬಿಕೆಗಳು ವೈದ್ಯಕೀಯ ವಿದ್ಯಾರ್ಥಿಗಳಲ್ಲೂ ಉಳಿದಿರುವುದನ್ನು ವರ್ಜೀನಿಯಾ ವಿಶ್ವವಿದ್ಯಾಲಯದ 2016ರ ಅಧ್ಯಯನ ತೋರಿಸಿತು. ಕಪ್ಪು ವರ್ಣೀಯರಿಗೆ ಮಾತ್ರೆ ಬರೆದುಕೊಟ್ಟಿದ್ದೇ ಕಡಿಮೆ. ಹಾಗಾಗಿ ಓವರ್‌ಡೋಸ್ ಸಾವುಗಳ ಮೊದಲ ಅಲೆಯಲ್ಲಿ ಅವರಲ್ಲಿ ಸತ್ತವರೂ ಕಡಿಮೆ. ಇದನ್ನು ಅದೃಷ್ಟ ಅನ್ನಲು ನನಗೆ ಬಾಯಿ ಬರುವುದಿಲ್ಲ. ಬೀದಿಗೆ ಫೆಂಟನಿಲ್ ಎಂಬ ಇನ್ನೂ ಉಗ್ರವಾದ ಮದ್ದು ಬಂದ ಮೇಲೆ ಲೆಕ್ಕ ತಿರುಗಿತು. 2020ರ ಹೊತ್ತಿಗೆ ಓವರ್‌ಡೋಸ್ ಸಾವಿನ ಪ್ರಮಾಣದಲ್ಲಿ ಅವರು ಬಿಳಿಯರನ್ನು ದಾಟಿದ್ದರು. ಚಟ ಬಿಡಿಸಲು ನೆರವಾಗುವ ಬ್ಯುಪ್ರೆನಾರ್ಫಿನ್ ಮಾತ್ರ ಹೆಚ್ಚಾಗಿ ದಕ್ಕಿದ್ದು ಬಿಳಿಯರಿಗೆ, ಅದರಲ್ಲೂ ದುಡ್ಡೋ ವಿಮೆಯೋ ಇದ್ದವರಿಗೆ.

ನಮ್ಮ ಮನೆಯಲ್ಲಿ ಕಥೆ ಇನ್ನೊಂದು ಥರ. ಚಿಕ್ಕಮ್ಮನ ಕ್ಯಾನ್ಸರ್ ಮೂಳೆಗೆ ಇಳಿದಾಗ ಡಾಕ್ಟರು ಮಾರ್ಫಿನ್ ಬರೆದರು. "ಅಫೀಮು ಕಣೋ ಅದು, ಚಟ ಹತ್ತಿಬಿಟ್ರೆ?" ಎಂದು ಚಿಕ್ಕಪ್ಪ ಅರ್ಧ ಮಾತ್ರೆಯನ್ನಷ್ಟೇ ಕೊಡುತ್ತಿದ್ದರು. ಚಿಕ್ಕಮ್ಮ ಗಡಿಯಾರ ನೋಡುತ್ತಾ ನರಳಿದರೆ ಸೊಸೆ ಪಿಸುಗುಡುತ್ತಿದ್ದಳು, "ಆಗಲೇ ಕೇಳೋಕೆ ಶುರು ಮಾಡಿದ್ರು ನೋಡಿ." ಬದುಕಲು ತಿಂಗಳುಗಳಷ್ಟೇ ಉಳಿದಿದ್ದವರ ಚಟಕ್ಕೆ ನಾವು ಹೆದರುತ್ತಿದ್ದೆವು. ನಮ್ಮನ್ನಷ್ಟೇ ಬೈದು ಪ್ರಯೋಜನವಿಲ್ಲ. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುವ ದೇಶ ಇದು. ಆದರೂ ಮಾದಕ ವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯ ಲೈಸೆನ್ಸುಗಳ ಕಾಟಕ್ಕೆ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕಾಯ್ದೆ ಸಡಿಲವಾಗಲು 2014 ಬರಬೇಕಾಯಿತು.

ಕೊನೆಗೆ ಉಪಶಾಮಕ ಆರೈಕೆಯ ನರ್ಸ್ ಒಬ್ಬರು ಮನೆಗೆ ಬಂದರು. ನಾಲ್ಕು ಗಂಟೆಗೊಮ್ಮೆ ಪೂರಾ ಡೋಸ್ ಕೊಡತೊಡಗಿದ ಮೇಲೆ ಚಿಕ್ಕಮ್ಮ ಕೇಳುವುದನ್ನೇ ನಿಲ್ಲಿಸಿದರು. ಪರ್ಡ್ಯೂ ಹೇಳುತ್ತಿದ್ದ ಮಾತು ಅವರ ಮಟ್ಟಿಗೆ ನಿಜವಾಯಿತಲ್ಲ ಎಂಬುದೇ ನನ್ನನ್ನು ಬಹಳ ದಿನ ಕೊರೆಯಿತು. ಗಣಿಯವನಿಗೂ ಚಿಕ್ಕಮ್ಮನಿಗೂ ಕೊಟ್ಟದ್ದು ಒಂದೇ ಜಾತಿಯ ಮದ್ದು. ಆದರೆ ಆ ನರ್ಸ್ ಮಂಚದ ಪಕ್ಕ ಕೂತು, ನಿದ್ದೆ ಬಂತಾ, ಎಲ್ಲಿ ನೋವು, ಹೊಟ್ಟೆ ಕಟ್ಟಿದೆಯಾ ಎಂದು ಕೇಳಿ ಬರೆದುಕೊಂಡು, ಮುಂದಿನ ವಾರ ಮತ್ತೆ ಬರುತ್ತಿದ್ದರು. ಗಣಿಯೂರಿನ ಡಾಕ್ಟರ ಎದುರು ಕೂರುತ್ತಿದ್ದವನು ಕಂಪನಿಯ ರೆಪ್. ಅವನ ಬೋನಸ್ ನಿಂತಿದ್ದು ಮಾರಾಟದ ಮೇಲೆ.